ಕಾಫಿ ಬೀಜ ಏಳುತ್ತಿಲ್ಲವೇ, ಎದ್ದ ಸಸಿ ಬೀಳುತ್ತಿದೆಯೇ? ಮನೆಮಡಿಯ ತೊಂದರೆ ಗುರುತಿಸುವ ಬಗೆ

"ಬೀಜ ಹಾಕಿ ಎರಡು ತಿಂಗಳಾಯ್ತು ಅಣ್ಣಾ, ಒಂದೂ ಏಳ್ಲಿಲ್ಲ. ಯಾವ ಔಷಧಿ ಬಿಡ್ಲಿ?"

ಕೊಡಗಿನ ಸುಂಟಿಕೊಪ್ಪದ ಕಡೆಯ ನೆಂಟರ ಹುಡುಗ ಒಂದು ಫೆಬ್ರವರಿಯಲ್ಲಿ ಕೇಳಿದ ಮಾತಿದು. ಮಡಿಯ, ಅಂದರೆ ಬೀಜ ಹಾಕಿದ ಪಾತಿಯ, ಹತ್ತಿರ ಹೋಗಿ, ಮೇಲೆ ಮುಚ್ಚಿದ್ದ ಹುಲ್ಲು ಸರಿಸಿ, ಹತ್ತು ಬೀಜ ಕೆದಕಿ ತೆಗೆದೆವು. ಏಳು ಬೀಜಗಳ ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಮೂತಿ ಇಣುಕಿತ್ತು. ಬೀಜ ಸತ್ತಿರಲಿಲ್ಲ, ಚಳಿಗೆ ನಿಧಾನವಾಗಿತ್ತು. ಅವತ್ತು ಔಷಧಿ ಬಿಟ್ಟಿದ್ದರೆ ಆ ಎಳೆ ಬೇರುಗಳ ಗತಿ ಏನಾಗುತ್ತಿತ್ತೋ.

ಬೀಜವಾಗಲಿ ಸಸಿಯಾಗಲಿ ಸುತ್ತ ಸಿಕ್ಕಿದ ನೀರು, ಬಿಸಿ, ಗಾಳಿ, ಬೆಳಕಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ನಮಗೆ ರೋಗದಂತೆ ಕಾಣುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ನಾಲ್ಕರಲ್ಲಿ ಒಂದಕ್ಕೆ ಸಸಿ ಕೊಟ್ಟ ಉತ್ತರ. ಆದ್ದರಿಂದ ಕೆಳಗಿನ ಎಲ್ಲ ಪರೀಕ್ಷೆಗಳನ್ನೂ ಒಂದೇ ಕ್ರಮದಲ್ಲಿ ಬರೆದಿದ್ದೇನೆ: ಮೊದಲು ದಿನ ಎಣಿಸುವುದು, ಆಮೇಲೆ ಕಣ್ಣು, ಬೆರಳು, ಬ್ಲೇಡು. ದುಡ್ಡು ಬಿಚ್ಚುವುದು ಕೊನೆಗೆ. ತೋಟದ ಖಾಲಿ ಜಾಗ ತುಂಬಲು ಮನೆಯ ಹಿಂದೆ ಐನೂರರಿಂದ ಎರಡು ಸಾವಿರ ಸಸಿ ಮಾಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಲಕ್ಷಗಟ್ಟಲೆ ಸಸಿ ಮಾಡುವ ನರ್ಸರಿಯ ಲೆಕ್ಕ ಬೇರೆ.

ಒಂದು ಎಚ್ಚರಿಕೆ ಮೊದಲೇ. ಮಡಿಯ ಮೇಲಿನ ಹುಲ್ಲಿನಡಿ ತಂಪು ಇರುತ್ತದೆ, ಹಾವು ಚೇಳುಗಳಿಗೂ ಅದು ಇಷ್ಟ. ಬರಿಗೈ ಹಾಕುವ ಮುನ್ನ ಕೋಲಿನಿಂದ ಹುಲ್ಲು ಎತ್ತಿ ನೋಡಿ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ.

ಲಕ್ಷಣ: ದಿನ ಕಳೆದರೂ ಮಡಿಯ ಮೇಲೆ ಏನೂ ಕಾಣುತ್ತಿಲ್ಲ

ಕ್ಯಾಲೆಂಡರ್ ತೆಗೆಯಿರಿ. ಕಾಫಿ ಬೀಜ ಮಣ್ಣಿನಿಂದ ತಲೆ ಎತ್ತಲು ಸಾಮಾನ್ಯವಾಗಿ 45 ದಿನ ಬೇಕು. ಇದು ಹುರುಳಿ, ಅವರೆಯ ಹಾಗೆ ವಾರದಲ್ಲಿ ಏಳುವ ಬೀಜವಲ್ಲ. ಅದಕ್ಕೆ ಹಿಡಿಸುವ ಬಿಸಿ 28ರಿಂದ 30 ಡಿಗ್ರಿ. ನಾವು ಬೀಜ ಹಾಕುವುದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಕೊಡಗಿನಲ್ಲಿ ಮೈ ಕೊರೆಯುವ ಚಳಿ ಇರುವಾಗ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಕುಶಾಲನಗರ ಅದಕ್ಕಿಂತ ಮುನ್ನೂರು ಮೀಟರಿನಷ್ಟು ಕೆಳಗೆ. ಒಂದೇ ದಿನ, ಒಂದೇ ಬೀಜ ಹಾಕಿದರೂ ಕೆಳಗಿನವರ ಮಡಿ ಮೊದಲು ಏಳುತ್ತದೆ. ಮಂಜು ಕವಿಯುವ ಜಾಗದಲ್ಲಿ ಎರಡೂವರೆ ತಿಂಗಳು ಹಿಡಿದದ್ದನ್ನು ನಾನು ಕಂಡಿದ್ದೇನೆ. ಅರವತ್ತು ದಿನ ಆಗಿಲ್ಲವೆಂದರೆ ಕೆದಕದೆ ಬಿಡಿ.

ಅರವತ್ತು ದಾಟಿದ್ದರೆ ಮಡಿಯ ಐದು ಕಡೆಯಿಂದ ಎರಡೆರಡು ಬೀಜ ತೆಗೆಯಿರಿ. ಬರೀ ಅಂಚಿನಿಂದ ತೆಗೆದರೆ ಲೆಕ್ಕ ತಪ್ಪುತ್ತದೆ. ತೊಳೆದು, ಬೆರಳ ನಡುವೆ ಒತ್ತಿ, ಆಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ.

ಬೀಜ ಗಟ್ಟಿಯಾಗಿದ್ದು, ಒಳಗೆ ಬೂದು ಹಸಿರಿನ ಮೇಣದಂಥ ತಿರುಳಿದ್ದು, ಒಂದು ತುದಿಯಲ್ಲಿ ಸಣ್ಣ ಬಿಳಿ ಕಡ್ಡಿಯಂತಹ ಭ್ರೂಣ ಕಂಡರೆ ಅದು ಬದುಕಿದೆ. ಉಗುರು ತಾಗಿದರೆ ಒಣಗಿದ ಶಬ್ದ ಬರುವಷ್ಟು ಗಟ್ಟಿಯಾಗಿದ್ದರೆ ನೀರು ಒಳಗೆ ಇಳಿದೇ ಇಲ್ಲ. ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ಹುಳಿ ವಾಸನೆ ಬಂದರೆ ಕೊಳೆತಿದೆ. ಪಾರ್ಚ್‌ಮೆಂಟ್ ಸಿಪ್ಪೆ (ಕಾಳಿನ ಹೊರಗಿನ ಗಟ್ಟಿ ಹೊದಿಕೆ) ಮಾತ್ರ ಉಳಿದು ಒಳಗೆ ಪೊಳ್ಳಾಗಿದ್ದರೆ ಯಾವುದೋ ಹುಳವೋ ಇಲಿಯೋ ತಿಂದಿದೆ.

ನೀರು ಇಳಿಯದ ಬೀಜಕ್ಕೆ ಮದ್ದು ಸುಲಭ. ಹುಲ್ಲಿನ ಮೇಲೆ ದಿನಾ ನೀರು ಚಿಮುಕಿಸುತ್ತೇವೆ, ಹುಲ್ಲು ಒದ್ದೆಯಾಗಿ ಕಾಣುತ್ತದೆ, ಕೆಳಗಿನ ಮಣ್ಣು ಮಾತ್ರ ಹಿಟ್ಟಿನಂತೆ ಒಣಗಿರುತ್ತದೆ. ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಹುಲ್ಲು ಸರಿಸಿ, ಸಣ್ಣ ತೂತಿನ ಕ್ಯಾನಿನಲ್ಲಿ ನಿಧಾನವಾಗಿ ನೆನೆಸಿ, ಹುಲ್ಲು ಮತ್ತೆ ಮುಚ್ಚಿ. ಪೈಪು ಹಿಡಿದು ಹೊಡೆದರೆ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ಬೀಜ ಉರುಳುತ್ತದೆ.

ಕೊಳೆತದ್ದು ಹೆಚ್ಚಿದ್ದರೆ ಕಾರಣ ಎರಡಿರಬಹುದು. ಒಂದು, ನೀರು ನಿಂತು ಬೀಜಕ್ಕೆ ಗಾಳಿ ಸಿಗಲಿಲ್ಲ. ಮೊಳೆಯುವ ಬೀಜ ಉಸಿರಾಡುತ್ತದೆ. ತಿರುಳಿನಲ್ಲಿಟ್ಟ ಆಹಾರ ಕರಗಿಸಲು ಅದಕ್ಕೆ ಆಮ್ಲಜನಕ ಬೇಕು. ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿದಾಗ ಬೆರಳಸಂದಿಯಲ್ಲಿ ನೀರು ಜಿನುಗಿದರೆ ಮಡಿ ತಗ್ಗಾಗಿದೆ, ಪಕ್ಕದಲ್ಲಿ ಚರಂಡಿ ಬೇಕು ಎಂದರ್ಥ. ಎರಡನೆಯದು ನೋವಿನ ಕಾರಣ: ಬೀಜ ಮಡಿಗೆ ಬೀಳುವ ಮೊದಲೇ ಸತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಅತಿ ಹೆಚ್ಚು ಮಡಿ ಹಾಳಾಗುವುದು ಇದರಿಂದಲೇ. ಭತ್ತವನ್ನು ಚೆನ್ನಾಗಿ ಒಣಗಿಸಿ ಪತ್ತಾಯಕ್ಕೆ ತುಂಬಿದರೆ ಮುಂದಿನ ಮಳೆಗಾಲಕ್ಕೂ ಮೊಳಕೆ ಬರುತ್ತದೆ. ಒಣಗಿದ ಭತ್ತ ನಿದ್ದೆ ಹೋಗುತ್ತದೆ, ನೀರು ತಾಗಿದಾಗ ಏಳುತ್ತದೆ. ಕಾಫಿ ಬೀಜಕ್ಕೆ ಆ ನಿದ್ದೆ ಬರುವುದಿಲ್ಲ. ಹಣ್ಣಿನಿಂದ ಹೊರಬಂದ ದಿನದಿಂದ ಅದರ ಆಯುಸ್ಸು ಇಳಿಯುತ್ತಾ ಹೋಗುತ್ತದೆ. ನಾವು ಬೆಳೆಯುವ ಎರಡು ಕಾಫಿ ಜಾತಿಗಳಲ್ಲಿ ರೋಬಸ್ಟಾ ಎರಡು ತಿಂಗಳು ಕಳೆದರೆ ನಂಬುವಂತಿಲ್ಲ. ಅರೇಬಿಕಾ ಅದಕ್ಕಿಂತ ಸ್ವಲ್ಪ ಹೆಚ್ಚು ತಾಳುತ್ತದೆ. ಕಣದಲ್ಲಿ ಬಿಸಿಲಿಗೆ ಹರಡಿ, ಮಾರಲು ಹದ ಮಾಡಿದ ಕಾಫಿಯಿಂದ ಬೀಜ ಆರಿಸಬೇಡಿ. ಮಾರುಕಟ್ಟೆಗೆ ಬೇಕಾದ ಒಣಗುವಿಕೆ ಬೇರೆ, ಬಿತ್ತಲು ಬೇಕಾದದ್ದು ಬೇರೆ. ಬೀಜಕ್ಕೆಂದು ಒಳ್ಳೆಯ ಗಿಡದ ನಡುಭಾಗದ ಕೆಂಪು ಹಣ್ಣು ಕುಯ್ದು, ಕೈಯಲ್ಲಿ ಬಿಡಿಸಿ, ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದಕ್ಕೆ ಒಲೆಬೂದಿ ಹಚ್ಚಿ, ನೆರಳಿನಲ್ಲಿ ನಾಲ್ಕೈದು ದಿನ ಆರಿಸಿದರೆ ಸಾಕು. ಗುಂಡುಕಾಳು (ಹಣ್ಣಿನಲ್ಲಿ ಒಂದೇ ಆಗಿ ದುಂಡಗಾದದ್ದು), ಆನೆಕಾಳು (ಒಂದಕ್ಕೊಂದು ಹೆಣೆದು ದೊಡ್ಡದಾದದ್ದು), ಒಡೆದದ್ದನ್ನು ಆಗಲೇ ಬೇರೆ ಮಾಡಿ.

ನಾನು ತೋಟ ನೋಡಿಕೊಳ್ಳಲು ಶುರುಮಾಡಿದ ಎರಡನೆಯ ವರ್ಷ, ಮಾರ್ಚ್ ಕೊನೆಯಲ್ಲಿ ಒಬ್ಬ ವ್ಯಾಪಾರಿಯಿಂದ ರೋಬಸ್ಟಾ ಬೀಜ ತಂದೆ. ಯಾವಾಗ ಕುಯ್ದದ್ದು ಎಂದು ಕೇಳಲೇ ಇಲ್ಲ. ಮೂರು ಮಡಿಗೆ ಹಾಕಿದ್ದರಲ್ಲಿ ಎದ್ದದ್ದು ನಲವತ್ತೊ ಐವತ್ತೊ ಸಸಿ. ಒಂದು ವರ್ಷದ ನೆಡುವ ಕಾಲವೇ ಕೈತಪ್ಪಿತು. ಅಂದಿನಿಂದ ಬೀಜ ತಂದ ದಿನವೇ ಗೋಣಿತಾಟಿನ ಪರೀಕ್ಷೆ ಮಾಡುತ್ತೇನೆ. ಐವತ್ತು ಬೀಜದ ಪಾರ್ಚ್‌ಮೆಂಟ್ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಅಡುಗೆಮನೆಯ ಒಲೆಯಿಂದ ನಾಲ್ಕಡಿ ದೂರ, ಬೆಚ್ಚಗಿರುವ ಮೂಲೆಯಲ್ಲಿಡಿ. ದಿನಾ ತೇವ ನೋಡಿ. ಸಿಪ್ಪೆ ತೆಗೆದ ಬೀಜ ಬೇಗ ಮೊಳೆಯುತ್ತದೆ. ಎರಡು ಮೂರು ವಾರಗಳಲ್ಲಿ ಬಿಳಿ ಮೂತಿ ಎಣಿಸಬಹುದು. ಐವತ್ತರಲ್ಲಿ ನಲವತ್ತು ಬಂದರೆ ಧೈರ್ಯವಾಗಿ ಇರಿ. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ಮಡಿಗೆ ಇನ್ನಷ್ಟು ಕೂಲಿ ಸುರಿಯದೆ ಹೊಸ ಬೀಜ ಹುಡುಕಿ. ಮಾರುವವರು ಔಷಧಿ ಹಚ್ಚಿ ಕೊಟ್ಟ ಬೀಜವಾದರೆ ಈ ಪರೀಕ್ಷೆಯನ್ನು ಅಡುಗೆಮನೆಯಲ್ಲಿ ಮಾಡಬೇಡಿ. ಮುಟ್ಟಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ, ಉಳಿದದ್ದನ್ನು ಕೋಳಿಗಳು ಕೆದಕದ ಜಾಗದಲ್ಲಿ ಹೂಳಿ.

ಏಲಕ್ಕಿ ಬೀಜ ಹಾಕುವವರಿಗೆ ಒಂದು ಮಾತು. ಅಲ್ಲಿ ತೊಂದರೆ ಉಲ್ಟಾ: ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗಲು ಬಿಡುವುದಿಲ್ಲ. ಅದಕ್ಕಾಗಿ ಕೆಲವು ನರ್ಸರಿಗಳಲ್ಲಿ ಬೀಜವನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಮನೆಯಲ್ಲಿ ಆ ಕೆಲಸಕ್ಕೆ ಖಂಡಿತ ಕೈಹಾಕಬೇಡಿ. ಕಣ್ಣು ಹೋದರೆ ಬರುವುದಿಲ್ಲ.

ಲಕ್ಷಣ: ಅಲ್ಲಲ್ಲಿ ಎದ್ದಿದೆ, ನಡುವೆ ಬೋಳು

ಬೋಳು ಜಾಗದ ಆಕಾರ ನೋಡಿ. ಅಂಚಿನುದ್ದಕ್ಕೆ ಬೋಳಾಗಿದ್ದರೆ ಅಂಚು ಬೇಗ ಒಣಗಿದೆ. ದುಂಡಗೆ, ಗುಳಿಬಿದ್ದಂತೆ ಇದ್ದರೆ ತಲೆ ಎತ್ತಿ ನೋಡಿ, ಮೇಲೆ ಮರದ ಕೊಂಬೆ ಇರುತ್ತದೆ. ಬೆಳಗಿನ ಇಬ್ಬನಿ ಎಲೆತುದಿಯಿಂದ ಒಂದೇ ಕಡೆ ತೊಟ್ಟಿಕ್ಕಿ ಬೀಜವನ್ನು ಆಳಕ್ಕೆ ದೂಡಿದೆ. ಸಾಲು ಸಾಲಾಗಿ ಖಾಲಿ ಇದ್ದು ಮಣ್ಣು ಸಡಿಲವಾಗಿದ್ದರೆ ಇಲಿಯ ಕೆಲಸ. ಇವು ಯಾವುವೂ ಇಲ್ಲದಿದ್ದರೆ ಆಳ ಅಳೆಯಿರಿ: ಚಪ್ಪಟೆ ಮುಖ ಕೆಳಗಾಗಿ, ಮೇಲೆ ತೆಳುವಾಗಿ ಜರಡಿ ಮಣ್ಣು ಇದ್ದರೆ ಸಾಕು. ಎರಡು ಇಂಚು ಹೂತ ಬೀಜ ಮೇಲೆ ಬರುವಷ್ಟರಲ್ಲಿ ಸೋತುಹೋಗುತ್ತದೆ.

ಲಕ್ಷಣ: ಟೋಪಿ ಬೀಳುತ್ತಲೇ ಇಲ್ಲ

ಕಾಂಡ ನೆಟ್ಟಗೆ ನಿಂತಿದೆ, ತಲೆಯ ಮೇಲೆ ಬೀಜ ಹಾಗೇ ಕೂತಿದೆ, ವಾರವಾದರೂ ಎಲೆ ಬಿಚ್ಚಿಲ್ಲ. ಹೊಸಬರು ಕೈಯಿಂದ ಸಿಪ್ಪೆ ಕಿತ್ತು "ಸಹಾಯ" ಮಾಡಲು ಹೋಗುತ್ತಾರೆ. ದಯವಿಟ್ಟು ಬೇಡ. ಆ ಟೋಪಿಯೊಳಗೆ ಬೀಜದೆಲೆಗಳು ಸುಮ್ಮನೆ ಸಿಕ್ಕಿಹಾಕಿಕೊಂಡಿಲ್ಲ. ಅವು ತಿರುಳಿನೊಳಗಿನ ಆಹಾರವನ್ನು ಹೀರುತ್ತಾ ದೊಡ್ಡದಾಗುತ್ತಿವೆ. ಊಟ ಮುಗಿದ ಮೇಲೆ ತಾವೇ ಬಿಚ್ಚಿ ಚಿಟ್ಟೆಯಂತೆ ಹರಡುತ್ತವೆ. ಇದಕ್ಕೆ ಕೆಲವು ವಾರ ಹಿಡಿಯುವುದು ದೋಷವಲ್ಲ.

ಅಕ್ಕಪಕ್ಕದ್ದೆಲ್ಲ ಚಿಟ್ಟೆಯಾಗಿ, ಕೆಲವಕ್ಕೆ ಮಾತ್ರ ಸಿಪ್ಪೆ ಒಣಗಿ ಅಂಟಿಕೊಂಡಿದ್ದರೆ ಗಾಳಿಯಲ್ಲಿ ತೇವ ಸಾಲದು. ಸಂಜೆ ಬೆಳಿಗ್ಗೆ ತೆಳ್ಳಗೆ ನೀರು ಚಿಮುಕಿಸಿ, ಸಿಪ್ಪೆ ಮೆತ್ತಗಾಗಿ ತಾನೇ ಜಾರುತ್ತದೆ.

ಲಕ್ಷಣ: ನಿನ್ನೆ ನಿಂತಿದ್ದ ಸಸಿ ಇವತ್ತು ಮಲಗಿದೆ

ಮಲಗಿದ ಸಸಿ ಎತ್ತಿ ಬುಡ ನೋಡಿ. ಇಲ್ಲಿ ಮೂರು ಬೇರೆ ಬೇರೆ ಕಥೆಗಳಿವೆ, ಮೂರಕ್ಕೂ ಮದ್ದು ಬೇರೆ.

ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಿದ್ದರೆ ಕತ್ತರಿಹುಳ. ಹಗಲು ಬುಡದ ಮಣ್ಣಿನಲ್ಲಿ ಸುರುಳಿ ಸುತ್ತಿ ಮಲಗಿರುತ್ತದೆ, ಬೆರಳಿನಿಂದ ಅರ್ಧ ಇಂಚು ಕೆದಕಿದರೆ ಸಿಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಹುಡುಕಿ ಎಂದು ಕೆಲವರು ಹೇಳುತ್ತಾರೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ತೋಟದೊಳಗೇ ಇರುವ ಕಾಲವಿದು, ಕತ್ತಲಲ್ಲಿ ಮಡಿಗೆ ಹೋಗಬೇಡಿ. ಬೆಳಗಾದ ಮೇಲೆ ಹುಡುಕಿದರೆ ನಷ್ಟವೇನಿಲ್ಲ.

ಬುಡದ ಒಂದೇ ಮಗ್ಗುಲು, ಬಿಸಿಲು ಬೀಳುವ ಕಡೆ, ಮಣ್ಣಿನ ಮಟ್ಟದಲ್ಲಿ ಸುಟ್ಟಂತೆ ಒಣಗಿದ್ದರೆ ಅದು ಕಾದ ಮಣ್ಣಿನ ಬರೆ. ಹುಲ್ಲು ಒಂದೇ ಸಲ ತೆಗೆದು, ಮಡಿಯ ಮೇಲಿನ ನೆರಳಿನ ಚಪ್ಪರವೂ ತೆಳುವಾಗಿದ್ದಾಗ ಹೀಗಾಗುತ್ತದೆ.

ಬುಡ ಸುತ್ತಲೂ ಕಂದಾಗಿ, ನೀರು ತುಂಬಿದಂತೆ ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿದ್ದರೆ ಬುಡಕೊಳೆ. ರೈಜೊಕ್ಟೋನಿಯಾ ಎಂಬ ಮಣ್ಣಿನ ಶಿಲೀಂಧ್ರದ ಕೆಲಸ. ಇದು ದುಂಡಗೆ ಹರಡುತ್ತದೆ: ಇವತ್ತು ತಟ್ಟೆಯಗಲ, ಮೂರು ದಿನದಲ್ಲಿ ಮೊರದಗಲ. ಸತ್ತ ಸಸಿಗಳನ್ನು ಮಾತ್ರವಲ್ಲ, ಸುತ್ತಲಿನ ನಾಲ್ಕು ಬೆರಳಗಲದ ಮಣ್ಣನ್ನೂ ತೆಗೆದು ದೂರ ಹಾಕಿ. ಸಂಜೆ ನೀರು ಹಾಕುವುದನ್ನು ನಿಲ್ಲಿಸಿ, ಬೆಳಿಗ್ಗೆ ಮಾತ್ರ ಹಾಕಿ. ಒತ್ತೊತ್ತಾಗಿ ಎದ್ದಿದ್ದರೆ ತೆಳುಗೊಳಿಸಿ, ಚಪ್ಪರದಲ್ಲಿ ಗಾಳಿ ಆಡಲು ಬಿಡಿ. ಬಹಳ ಸಲ ಇಷ್ಟರಲ್ಲೇ ನಿಲ್ಲುತ್ತದೆ. ಎರಡು ದಿನದ ಮೇಲೂ ಹರಡುತ್ತಿದ್ದರೆ ಶಿಲೀಂಧ್ರನಾಶಕ ಬೇಕಾದೀತು. ಯಾವುದು, ಎಷ್ಟು ಎಂದು ಹತ್ತಿರದ ಕಾಫಿ ಬೋರ್ಡ್ ಕಚೇರಿಯಲ್ಲಿ ಕೇಳಿ, ಡಬ್ಬದ ಮೇಲಿನ ಅಳತೆ ಮೀರಬೇಡಿ, ಕೈಗವಸು ಹಾಕಿಕೊಳ್ಳಿ, ತೊಳೆದ ನೀರು ತೋಡಿಗೂ ಬಾವಿಗೂ ಹೋಗದಂತೆ ನೋಡಿ. ಪಕ್ಕದ ತೋಟದವರು ಮೆಣಸಿನ ಬಳ್ಳಿಗೆ ಮಾಡಿದ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಉಳಿದಿದೆ ಎಂದು ತಂದು ಎಳೆಮಡಿಗೆ ಸುರಿಯುವುದು ತಪ್ಪು.

ಲಕ್ಷಣ: ಸಸಿಗಳೆಲ್ಲ ಒಂದೇ ಕಡೆ ಬಾಗಿವೆ, ಸಣಕಲಾಗಿ ಉದ್ದ ಬೆಳೆದಿವೆ

ಇದು ರೋಗವೇ ಅಲ್ಲ. ಸಸಿ ಬೆಳಕನ್ನು ಹುಡುಕುತ್ತಿದೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಎಳೆ ಮೊಳಕೆಗಳ ತುದಿಗೆ ಟೋಪಿ ತೊಡಿಸಿ ನೋಡಿದ್ದರು. ತುದಿ ಮುಚ್ಚಿದ ಮೊಳಕೆ ಬೆಳಕಿನತ್ತ ಬಾಗಲಿಲ್ಲ. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ಅವರು ಪ್ರಕಟಿಸಿದರು. ತುದಿಯಿಂದ ಇಳಿಯುವ ಆ ಸಂದೇಶ ಆಕ್ಸಿನ್ ಎಂಬ ಹಾರ್ಮೋನು ಎಂದು ಆಮೇಲೆ ತಿಳಿಯಿತು. ನೆರಳಿರುವ ಮಗ್ಗುಲಿಗೆ ಅದು ಹೆಚ್ಚು ಸೇರಿ ಅಲ್ಲಿನ ಜೀವಕೋಶಗಳು ಉದ್ದವಾಗುತ್ತವೆ, ಸಸಿ ಬೆಳಕಿನ ಕಡೆ ವಾಲುತ್ತದೆ.

ಹಾಗಾಗಿ ಸಸಿ ವಾಲಿದ ದಿಕ್ಕೇ ನಿಮಗೆ ಚಪ್ಪರದ ತಪ್ಪು ತೋರಿಸುತ್ತದೆ. ಆ ಕಡೆ ಮಾತ್ರ ತೆರೆದಿದೆ, ಉಳಿದ ಕಡೆ ಕತ್ತಲು. ವಾಲದೆ ನೆಟ್ಟಗೆ, ಆದರೆ ಬಿಳಿಚಿಕೊಂಡು ಉದ್ದಕ್ಕೆ ಬೆಳೆದಿದ್ದರೆ ಒಟ್ಟು ಬೆಳಕೇ ಸಾಲದು. ಎರಡಕ್ಕೂ ಚಪ್ಪರದ ಸೊಪ್ಪು ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ, ವಾರಕ್ಕೊಮ್ಮೆ ಒಂದು ಪದರ. ಅವಸರದಲ್ಲಿ ಒಂದೇ ದಿನ ಬಿಚ್ಚಿದರೆ ನೆರಳಿನಲ್ಲಿ ಬೆಳೆದ ತೆಳು ಎಲೆ ಬಿಸಿಲು ತಾಳದೆ ಬಿಳಿಮಚ್ಚೆಯಾಗಿ ಸುಡುತ್ತದೆ. ಮಡಿಯಿಂದ ಮಣ್ಣು ತುಂಬಿದ ಪ್ಲಾಸ್ಟಿಕ್ ಬ್ಯಾಗಿಗೆ ಬದಲಿಸಿದ ಸಸಿಯಾದರೆ ವಾರಕ್ಕೊಮ್ಮೆ ತಿರುಗಿಸಿಡಿ, ಹೊಸ ಬೆಳವಣಿಗೆ ನೆಟ್ಟಗಾಗುತ್ತದೆ. ಜೂನ್ ಮಳೆಗೆ ನೆಡುವ ಒಂದು ತಿಂಗಳ ಮೊದಲು ಹೀಗೆ ಬೆಳಕಿಗೆ ಒಗ್ಗಿಸದ ಸಸಿ, ಮರಗಸಿ ಮಾಡಿದ (ನೆರಳುಮರದ ಕೊಂಬೆ ಕಡಿದ) ತೋಟದ ಬಿಸಿಲಿಗೆ ಬಿದ್ದಾಗ ಒದ್ದಾಡುತ್ತದೆ.

ಲಕ್ಷಣ: ಬ್ಯಾಗಿಗೆ ಹಾಕಿದ ಮೇಲೆ ಬೆಳವಣಿಗೆ ನಿಂತಿದೆ

ಎರಡು ಜೊತೆ ಎಲೆ ಬಂದು ಅಲ್ಲೇ ನಿಂತ ಸಸಿ. ಮೊದಲು ಬ್ಯಾಗಿನ ತಳ ನೋಡಿ, ತೂತು ಮುಚ್ಚಿದೆಯೇ. ಆಮೇಲೆ ಮಿಶ್ರಣ ನೆನಪಿಸಿಕೊಳ್ಳಿ: 6 ಪಾಲು ಕಾಡುಮಣ್ಣು, 2 ಪಾಲು ಚೆನ್ನಾಗಿ ಕಳಿತ ಗೊಬ್ಬರ, 1 ಪಾಲು ಮರಳು. ಗೊಬ್ಬರ ಹಸಿಯಾಗಿದ್ದರೆ ಬ್ಯಾಗಿನೊಳಗೆ ಕಾವು ಹುಟ್ಟಿ ಬೇರು ಬೇಯುತ್ತದೆ. ಎರಡೂ ಸರಿಯಿದ್ದರೆ ಒಂದು ಸಸಿಯನ್ನು ಬಲಿಕೊಡಲು ಮನಸ್ಸು ಮಾಡಿ. ಬ್ಯಾಗು ಸೀಳಿ, ಬಕೆಟ್ ನೀರಿನಲ್ಲಿ ಮಣ್ಣು ತೊಳೆದು ತಾಯಿಬೇರು ನೋಡಿ.

ತಾಯಿಬೇರು ಕೊಕ್ಕೆಯಂತೆ ಮಡಚಿದ್ದರೆ ತೊಂದರೆ ನೆಟ್ಟ ಕೈಯಲ್ಲಿದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳಿರುತ್ತವೆ. ಅವು ಭಾರಕ್ಕೆ ಕೆಳಗೆ ಕೂರುತ್ತವೆ, ಕೆಳಗೆ ಯಾವ ಕಡೆ ಎಂದು ಬೇರು ತಿಳಿಯುವುದು ಹಾಗೆ. ಮಡಚಿ ನೆಟ್ಟರೂ ತುದಿ ಮತ್ತೆ ಕೆಳಮುಖ ತಿರುಗುತ್ತದೆ. ಆದರೆ ಮಡಚಿದ ಜಾಗ ಮಾತ್ರ ಜೀವಮಾನವಿಡೀ ಮಡಚಿಯೇ ಇರುತ್ತದೆ, ದಪ್ಪವಾಗುತ್ತಾ ಗಂಟಾಗುತ್ತದೆ. ಬ್ಯಾಗಿನಲ್ಲಿ ಹೇಗೋ ಬದುಕಿದ ಗಿಡ, ತೋಟದಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ತಡವಾದ ವರ್ಷ ಎಲ್ಲಕ್ಕಿಂತ ಮೊದಲು ಬಾಡುತ್ತದೆ. ಅಷ್ಟರಲ್ಲಿ ಅದಕ್ಕೆ ನಾಲ್ಕೈದು ವರ್ಷದ ಗೊಬ್ಬರ, ಕೂಲಿ ಹೋಗಿರುತ್ತದೆ. ಅದಕ್ಕೇ ನನ್ನ ಸಲಹೆ ಕಠಿಣವಾಗಿದೆ: ಬೇರು ಮಡಚಿದ ಸಸಿಯನ್ನು ಎಸೆಯಿರಿ, ಎಲೆ ಎಷ್ಟೇ ಚೆಂದವಿದ್ದರೂ ಸರಿ.

ಮುಂದಿನ ಸಲಕ್ಕೆ, ಟೋಪಿ ಹಂತದಲ್ಲೇ ಬ್ಯಾಗಿಗೆ ಹಾಕಿ, ಆಗ ಬೇರು ಒಂಟಿಯಾಗಿ ನೆಟ್ಟಗಿರುತ್ತದೆ. ಬೇರಿಗಿಂತ ಆಳವಾಗಿ ಚೂಪು ಕಡ್ಡಿಯಿಂದ ತೂತು ಮಾಡಿ, ಸಸಿಯನ್ನು ಆಳಕ್ಕೆ ಇಳಿಸಿ ಕೂದಲಷ್ಟು ಮೇಲೆಳೆದು ಮಣ್ಣು ಒತ್ತಿ. ಬೇರು ತೀರಾ ಉದ್ದವಿದ್ದರೆ ತುದಿಯನ್ನು ಉಗುರಿನಿಂದ ಚಿವುಟಿ. ನಮ್ಮ ಮನೆಯಲ್ಲಿ ಈ ಕೆಲಸ ಚಿಕ್ಕಮ್ಮನದು. "ಬೇರಿಗೆ ಮೊದಲು ದಾರಿ ಮಾಡು ಮಗಾ, ಆಮೇಲೆ ಸಸಿ ಹಿಡಿ" ಎನ್ನುತ್ತಿದ್ದರು. ಅವರು ಇಳಿಸಿದ ಸಸಿಗಳಲ್ಲಿ ಕೊಕ್ಕೆ ಬೇರು ನಾನು ಕಂಡಿಲ್ಲ.

ತಾಯಿಬೇರು ನೆಟ್ಟಗಿದ್ದು, ಕೂದಲು ಬೇರುಗಳೇ ಇಲ್ಲದೆ, ಇದ್ದವೂ ಕಂದಾಗಿ ಸಿಪ್ಪೆ ಸುಲಿಯುವಂತಿದ್ದರೆ ನೆಮಟೋಡ್ ಇರಬಹುದು, ಅರೇಬಿಕಾದಲ್ಲಿ ಹೆಚ್ಚು. ಬರಿಗಣ್ಣಿಗೆ ಕಾಣದ ಹುಳು ಅದು. ಇಲ್ಲಿಗೆ ನಿಮ್ಮ ಪರೀಕ್ಷೆ ನಿಲ್ಲಿಸಿ. ಆ ಬ್ಯಾಗುಗಳ ಮಣ್ಣನ್ನು ಬೇರೆಲ್ಲೂ ಸುರಿಯಬೇಡಿ, ಸಸಿ ಯಾರಿಗೂ ಕೊಡಬೇಡಿ.

ಲಕ್ಷಣ: ಎಲೆ ಬಾಡಿದೆ, ಹಳದಿಯಾಗಿದೆ, ಮಚ್ಚೆ ಬಂದಿದೆ

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದರೆ ಚಿಂತಿಸಬೇಡಿ. ಬಿಸಿಲಿನಲ್ಲಿ ಬೇರು ಎಳೆಯುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹಾರಿದೆ, ತಂಪಾದ ಮೇಲೆ ಸಸಿ ಸರಿಮಾಡಿಕೊಂಡಿದೆ. ಬೆಳಿಗ್ಗೆ ಏಳಕ್ಕೂ ಜೋತಿದ್ದರೆ ತೊಂದರೆ ಬೇರಿನಲ್ಲಿದೆ. ಮಣ್ಣು ಒದ್ದೆಯಾಗಿದ್ದೂ ಜೋತಿದ್ದರೆ ಇನ್ನಷ್ಟು ನೀರು ಹಾಕಿ ಅದನ್ನು ಮುಳುಗಿಸಬೇಡಿ.

ಕೆಳಗಿನ ಹಳೆ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಹಸಿವು. ಸಗಣಿ ನೆನೆಸಿದ ತಿಳಿನೀರು ಹದಿನೈದು ದಿನಕ್ಕೊಮ್ಮೆ ಸಾಕು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಸಿಗುತ್ತಿಲ್ಲ, ಸುಣ್ಣ ಹೆಚ್ಚಾಗಿರಬಹುದು ಅಥವಾ ನೀರು ನಿಂತಿರಬಹುದು. ಕಂದು ಮಚ್ಚೆಯ ನಡುವೆ ಬೂದು ಬಿಳುಪಿನ ಕಣ್ಣು ಕಂಡರೆ ಕಂದುಕಣ್ಣು ರೋಗ. ನೆರಳು ಕಡಿಮೆಯಾಗಿ, ಆಹಾರವೂ ಸಾಲದ ಸಸಿಗೇ ಹೆಚ್ಚಾಗಿ ಬರುತ್ತದೆ, ಆದ್ದರಿಂದ ಮೊದಲು ಚಪ್ಪರ ಸರಿಮಾಡಿ.

ರೋಬಸ್ಟಾ ಸಸಿಗಳು ಒಂದೇ ಗಿಡದ ಬೀಜದವಾದರೂ ಒಂದು ದೊಡ್ಡೆಲೆ, ಒಂದು ಸಣ್ಣೆಲೆಯಾಗಿ ಬಂದರೆ ಗಾಬರಿ ಬೇಡ. ರೋಬಸ್ಟಾ ಬೇರೆ ಗಿಡದ ಪರಾಗದಿಂದ ಕಾಯಿ ಕಟ್ಟುವ ಜಾತಿ, ಮಕ್ಕಳು ಒಂದೊಂದು ಒಂದೊಂದು ಥರ. ತೀರಾ ಕುಳ್ಳಗಿನವನ್ನು ಆರಿಸಿ ಬಿಟ್ಟುಬಿಡಿ.

ಯಾವಾಗ ಕೈ ನಿಲ್ಲಿಸಿ ಕೇಳಬೇಕು

ಬುಡಕೊಳೆ ಮಣ್ಣು ತೆಗೆದ ಮೇಲೂ ಹರಡುತ್ತಿದ್ದರೆ, ನಾಲ್ಕರಲ್ಲಿ ಒಂದು ಬ್ಯಾಗು ಕಾರಣ ತಿಳಿಯದೆ ಬಾಡಿದ್ದರೆ, ಬೇರಿನಲ್ಲಿ ಗಂಟೋ ಕಂದು ಸಿಪ್ಪೆಯೋ ಕಂಡರೆ ಮನೆಯ ಪರೀಕ್ಷೆ ಸಾಲದು. ಚೆಟ್ಟಳ್ಳಿಯಲ್ಲಿ ಕಾಫಿ ಬೋರ್ಡಿನ ಸಂಶೋಧನಾ ಉಪಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಏಲಕ್ಕಿ, ಮೆಣಸಿನ ಸಸಿಯಾದರೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ.

ಹೋಗುವಾಗ ಒಂದು ಎಲೆ ಕಿತ್ತು ಜೇಬಿನಲ್ಲಿ ಹಾಕಿಕೊಂಡು ಹೋಗಬೇಡಿ. ಪೂರ್ತಿ ಸತ್ತದ್ದನ್ನೂ ಬೇಡ, ಅದರಲ್ಲಿ ಆಮೇಲೆ ಬಂದ ಕೊಳೆಯೇ ತುಂಬಿರುತ್ತದೆ. ಈಗಷ್ಟೇ ಲಕ್ಷಣ ಶುರುವಾದ ಎರಡು ಸಸಿ, ನಡುವಿನ ಹಂತದ ಎರಡು, ಚೆನ್ನಾಗಿರುವ ಒಂದು, ಐದನ್ನೂ ಬ್ಯಾಗಿನ ಮಣ್ಣಿನ ಸಮೇತ ಬೇರೆ ಬೇರೆ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ಬೀಜ ಎಲ್ಲಿಯದು, ಯಾವಾಗ ಹಾಕಿದ್ದು, ಏನೇನು ಗೊಬ್ಬರ ಔಷಧಿ ಕೊಟ್ಟಿದ್ದು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ ಮೊದಲು ಕೇಳುವುದು ಅದನ್ನೇ.